ಗದಗದಲ್ಲಿದ್ದುಕೊಂಡು ಸ್ವಂತ ಹಾಡಿಗೆ ಕಾಯಂ ಕೇಳುಗರನ್ನು ಮಾಡಿಕೊಳ್ಳೋದು ಹೇಗೆ?

ಗದಗದಲ್ಲಿ ಸ್ವಂತ ಹಾಡು ಕಟ್ಟಿ ಹಾಡ್ತೀರಿ, ಇನ್‌ಸ್ಟಾಗ್ರಾಂನಲ್ಲಿ 800 ಜನ ಇದ್ದಾರೆ, ಕೈಯಲ್ಲಿ 5,000 ರೂಪಾಯಿ ಇದೆ. ಜಾಹೀರಾತಿಗೆ ಹಾಕಲೋ, ಬೆಂಗಳೂರಿನ ಬಸ್ಸು ಹತ್ತಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ನನ್ನ ಹತ್ರ ಒಂದು ಕಾಲಕ್ಕೆ 14,000 ಜನ ಇದ್ದರು.

ನಾನು ಹುಬ್ಬಳ್ಳಿಯವನು. ಹಗಲು ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೀತೀನಿ, ರಾತ್ರಿ ಹಾಡು. 2019ರ ಶ್ರಾವಣದಲ್ಲಿ ಹೆಬಸೂರಿನ ಗುಡಿಯೊಂದರಲ್ಲಿ ಭಜನೆಯವರ ಜೊತೆ ಕೂರಿಸಿದರು. ಶರೀಫಜ್ಜನ ಎರಡು ಪದ ಹಾಡಿ, ಅಂಜುತ್ತಲೇ ನನ್ನದೊಂದು ಹಾಡಿದೆ. ಮುಗಿದ ಮೇಲೆ ಒಬ್ಬ ಅಜ್ಜ ನನ್ನ ಬೊಗಸೆಗೆ ಚುರುಮರಿ ಸುರಿದು, "ತಮ್ಮಾ, ಮುಂದ ಎಲ್ಲಿ ಹಾಡ್ತಿ? ಒಂದು ಫೋನ್ ಹಚ್ಚು, ಬರ್ತೀವಿ" ಅಂದ. ಸುತ್ತ ಹದಿನೈದು ಜನ ನಿಂತಿದ್ದರು. ನಾನು ಏನಂದೆ ಗೊತ್ತಾ? "ಇನ್‌ಸ್ಟಾದಾಗ ಫಾಲೋ ಮಾಡ್ರಿ ಅಜ್ಜಾ." ಅಜ್ಜನ ಕೈಯಲ್ಲಿದ್ದದ್ದು ಕೀಪ್ಯಾಡ್ ಫೋನು.

ಆಮೇಲೆ ಮೂರು ವರ್ಷ ಇನ್‌ಸ್ಟಾದಲ್ಲಿ ದಿನಾ ವಿಡಿಯೋ. 2022ರಲ್ಲಿ ಒಂದು ಮೆಸೇಜು ಬಂತು: ನಿಮ್ಮ ಹಾಡಿನ ಮೇಲೆ ಕಾಪಿರೈಟ್ ದೂರಿದೆ, 24 ಗಂಟೆಯೊಳಗೆ ಫಾರ್ಮ್ ತುಂಬಿ. ನಾನೇ ಕಟ್ಟಿದ ಹಾಡಿನ ಮೇಲೆ ಯಾರು ದೂರು ಕೊಡ್ತಾರೆ ಅಂತ ಯೋಚಿಸಲಿಲ್ಲ. ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿದೆ. ಎರಡು ಹಂತದ ಲಾಗಿನ್ ಕೂಡ ಆನ್ ಮಾಡಿರಲಿಲ್ಲ. ಬೆಳಗ್ಗೆ ನೋಡಿದರೆ ನನ್ನ ಫೋಟೋ ಇದ್ದಲ್ಲಿ ಕ್ರಿಪ್ಟೋ ಜಾಹೀರಾತು.

ಇದನ್ನು ಹೇಳಿದಾಗಲೆಲ್ಲ ಜನ ಪಾಸ್‌ವರ್ಡಿಗೇ ಬೈತಾರೆ. ಅದು ದಡ್ಡತನ, ಒಪ್ಪಿದೆ. ಆದರೆ ನನ್ನ ತಪ್ಪು ಅದಲ್ಲ. ಮೂರು ವಾರ ಬಿಟ್ಟು ಹಾಡೋದಕ್ಕೆ ಧಾರವಾಡದಲ್ಲಿ ಹಾಲ್ ಹಿಡಿದಿದ್ದೆ, ಮುಂಗಡ ಕೊಟ್ಟಾಗಿತ್ತು. ಬನ್ನಿ ಅಂತ ಯಾರಿಗೆ ಹೇಳೋದು? 14,000 ಜನರಲ್ಲಿ ಒಬ್ಬರ ನಂಬರೂ ಇಲ್ಲ, ಯಾವ ಊರಿನವರು ಅಂತಲೂ ಗೊತ್ತಿಲ್ಲ. ಯಾವ ರೈತ ಎಷ್ಟು ಚೀಲ ಮೆಣಸಿನಕಾಯಿ ತಂದ, ಎಷ್ಟು ಬಾಕಿ ಅಂತ ಪೈಸಾ ಬಿಡದೆ ಬರೆಯುವವನು ನಾನು. ನನ್ನ ಹಾಡು ಕೇಳಿದವರ ಹೆಸರನ್ನು ಒಂದು ಚೀಟಿಯಲ್ಲೂ ಬರೆದಿರಲಿಲ್ಲ. ಹೆಬಸೂರಿನ ಆ ಹದಿನೈದು ಜನ ತಾವಾಗಿಯೇ ಫೋನ್ ಮಾಡು ಅಂದಿದ್ದರು. ನಾನು ಅವರನ್ನು ಒಂದು ಆ್ಯಪ್ ಕಡೆ ಕಳಿಸಿ ಕೈ ತೊಳೆದುಕೊಂಡೆ. ಹಾಲ್‌ಗೆ ಬಂದವರು 9 ಜನ. ಅದರಲ್ಲಿ ಮೂವರು ನಮ್ಮ ಕಾಕಾನ ಮನೆಯವರು.

ಮಾರನೇ ದಿನ ಅಂಗಡಿಯಿಂದಲೇ ಒಂದು ಉದ್ದನೆ ವಹಿ ತಂದೆ. ಹೆಸರು, ಊರು, ನಂಬರು, ಯಾವ ಹಾಡು ಇನ್ನೊಮ್ಮೆ ಹಾಡು ಅಂದರು, ಇಷ್ಟೇ ಬರೆಯೋದು. ಹೆಬಸೂರಿಗೆ ಮತ್ತೆ ಹೋದೆ. ಅಜ್ಜನಿಗೆ ನನ್ನ ಗುರುತೇ ಸಿಗಲಿಲ್ಲ. ಹಾಡಿನ ಮೊದಲ ಸಾಲು ಅಂದ ಮೇಲೆ "ಹೋ, ಅಂವ ನೀನೇನು!" ಅಂದ.

ಈಗ ವಹಿಯಲ್ಲಿ 312 ಹೆಸರಿವೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಹಿಡಿಸ್ತಾರೆ. ಆದರೆ ಅವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಇದ್ದರೆ ಮಾತ್ರ ಮೆಸೇಜು ಮುಟ್ಟುತ್ತದೆ. ಅದಕ್ಕೇ ಎದುರಿಗೇ ನಿಂತು ಸೇವ್ ಮಾಡಿಸಿ, ನಾಚಬೇಡಿ. ಕೀಪ್ಯಾಡ್ ಫೋನಿನವರಿಗೆ ನಾನು ಸುಮ್ನೆ ಕರೆ ಮಾಡ್ತೀನಿ. ಕಳೆದ ಸಲ ಧಾರವಾಡದ ಸಪ್ತಾಪುರದಲ್ಲಿ ಗೆಳೆಯನ ಮನೆ ಮಾಳಿಗೆ ಮೇಲೆ ಜಮಖಾನೆ ಹಾಸಿದೆವು. 47 ಜನ ಬಂದರು, ತಟ್ಟೆಗೆ 6,350 ರೂಪಾಯಿ ಬಿತ್ತು. ಇದರಲ್ಲಿ ಮನೆ ನಡೆಯಲ್ಲ, ಅಂಗಡಿ ಕೆಲಸ ಬಿಟ್ಟಿಲ್ಲ.

ಯೂಟ್ಯೂಬಿಗೆ ಹಾಕಿ, ಬೇಡ ಅನ್ನಲ್ಲ. 1,000 ಚಂದಾದಾರರು, ವರ್ಷಕ್ಕೆ 4,000 ಗಂಟೆ ನೋಡಿದ ಲೆಕ್ಕ ಆದರೆ ಜಾಹೀರಾತಿನ ದುಡ್ಡೂ ಬರಬಹುದು.

ಬೆಂಗಳೂರಿನ ಮಾತಂತೂ ನನಗೆ ಹಿಡಿಸಲೇ ಇಲ್ಲ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಲ್ಲೇ ಮನೆ ಇಟ್ಟುಕೊಂಡು ದೇಶವೆಲ್ಲ ಹಾಡಿದರು. ನಿಮ್ಮೂರಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿ ಊರೂರು ತಿರುಗಿದ್ದು ನಿಮಗೇ ಜಾಸ್ತಿ ಗೊತ್ತಿರುತ್ತದೆ, ಅಲ್ವಾ? ನೀವು ಮೊದಲು ಲಕ್ಷ್ಮೇಶ್ವರ, ಮುಂಡರಗಿ, ರೋಣ ಮುಗಿಸಿ.

ಆ 5,000ಕ್ಕೆ ಬ್ಯಾಟರಿ ಮೇಲೆ ನಡೆಯುವ ಸ್ಪೀಕರ್ ತಗೊಳ್ಳಿ. ಹಳ್ಳಿಯಲ್ಲಿ ಕರೆಂಟು ಸರಿಯಾಗಿ ಎರಡನೇ ಚರಣಕ್ಕೇ ಹೋಗುತ್ತದೆ.