ನಾರಾಯಣ ಕವಚ ಹೇಳಿಕೊಂಡರೆ ನಿಜವಾಗಿಯೂ ರಕ್ಷಣೆ ಸಿಗುತ್ತದೆಯೇ?

ನೀವು ಕೇಳಿದ್ದು ಎರಡು ಪ್ರಶ್ನೆ. ಕೆಲಸಕ್ಕೆಂದು ಮಂಗಳೂರಿಗೆ ಬಂದು ಒಬ್ಬರೇ ಇದ್ದೀರಿ, ರಾತ್ರಿ ಪಾಳಿ ಮುಗಿಸಿ ಬಿಜೈಯ ಕೋಣೆ ಸೇರುವಾಗ ಒಂದು ಗಂಟೆ ದಾಟಿರುತ್ತದೆ, ಭಯವಾಗುತ್ತದೆ. ವಿಷ್ಣುವಿನ ರಕ್ಷೆ ಬೇಡುವ ಸ್ತೋತ್ರವಾದ ನಾರಾಯಣ ಕವಚ ಹೇಳಿಕೋ ಎಂದು ಅಮ್ಮ ಹೇಳುತ್ತಾರೆ. ಅದು ಕಾಯುತ್ತದೆಯೇ ಎಂಬುದು ಒಂದು. ಸಂಸ್ಕೃತ ಬಾರದವರು ತಪ್ಪು ಉಚ್ಚರಿಸಿದರೆ ಕೇಡಾಗುತ್ತದೆಯೇ ಎಂಬುದು ಇನ್ನೊಂದು. ನಾನು ಉಡುಪಿಯವಳು, ಮನೆಮಾತು ತುಳು, ಪಂಡಿತೆಯಲ್ಲ. ಚಾವಡಿಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಬಾಯಿಯಿಂದ ಕಲಿತದ್ದನ್ನು ನಲವತ್ತು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ, ಅಷ್ಟೇ.

ಎರಡನೆಯದನ್ನು ಮೊದಲು ಮುಗಿಸಿಬಿಡುತ್ತೇನೆ. ಈ ಹೆದರಿಕೆಗೆ ಎಲ್ಲರೂ ಕೊಡುವ ಸಾಕ್ಷಿ ವೃತ್ರಾಸುರನದು. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಹೋಮಕ್ಕೆ ಕುಳಿತ ತ್ವಷ್ಟೃ ‘ಇಂದ್ರಶತ್ರೋ ವಿವರ್ಧಸ್ವ’ ಎಂದ. ಸ್ವರ ತಪ್ಪಿತು, ಇಂದ್ರನನ್ನು ಕೊಲ್ಲಬೇಕಾದವನು ಇಂದ್ರನಿಂದಲೇ ಸಾಯುವವನಾದ. ಆದರೆ ಅದು ವೇದಮಂತ್ರದ ಉದಾತ್ತ, ಅನುದಾತ್ತಗಳ, ಎಂದರೆ ಸ್ವರದ ಏರಿಳಿತಗಳ ಮಾತು. ಸ್ತೋತ್ರಗಳಿಗೆ ಆ ಸ್ವರದ ಕಟ್ಟು ಇಲ್ಲ. ನಮ್ಮ ಅಜ್ಜಿ ಹೃಷೀಕೇಶನನ್ನು ಕೊನೆಯವರೆಗೂ ‘ರುಷಿಕೇಶ’ ಎಂದೇ ಕರೆದರು. ಎಂಬತ್ತೇಳು ವರ್ಷ ಬದುಕಿದರು. ತಿದ್ದಿಕೊಳ್ಳುತ್ತಾ ಹೋಗಿ, ಹೆದರಬೇಡಿ.

ಇನ್ನು ಕವಚ. ಭಾಗವತದ ಆರನೆಯ ಸ್ಕಂಧದ 8ನೆಯ ಅಧ್ಯಾಯದಲ್ಲಿದೆ. ಅದೇ ತ್ವಷ್ಟೃವಿನ ಮಗ ವಿಶ್ವರೂಪ ಇಂದ್ರನಿಗೆ ಉಪದೇಶಿಸಿದ್ದು. ನನಗೆ ಅದರಲ್ಲಿ ಬಹಳ ಇಷ್ಟವಾಗುವುದು ಕಾವಲಿನ ಹಂಚಿಕೆ. ನೀರಿನಲ್ಲಿ ಮತ್ಸ್ಯ, ನೆಲದ ಮೇಲೆ ವಾಮನ, ದಾರಿಯಲ್ಲಿ ವರಾಹ, ಊರು ಬಿಟ್ಟು ಪರಸ್ಥಳದಲ್ಲಿದ್ದರೆ ಲಕ್ಷ್ಮಣನ ಜೊತೆಗೆ ರಾಮ. ಆಮೇಲೆ ದಿನವನ್ನೂ ಹೊತ್ತು ಹೊತ್ತಾಗಿ ಹಂಚುತ್ತಾರೆ. ಮುಂಜಾನೆಗೆ ಗದೆ ಹಿಡಿದ ಕೇಶವ, ಬಿಸಿಲೇರುವ ಹೊತ್ತಿಗೆ ಕೊಳಲು ಹಿಡಿದ ಗೋವಿಂದ (ಕಾವಲುಗಾರನ ಕೈಯಲ್ಲಿ ಕೊಳಲು!), ನಡುಹಗಲಿಗೆ ಚಕ್ರ ಹಿಡಿದ ವಿಷ್ಣು, ಸಂಜೆಗೆ ಮಾಧವ. ನಡುರಾತ್ರಿಗೆ ಬಂದಾಗ ಸಾಲು ಹೀಗಿದೆ: ‘ನಿಶೀಥ ಏಕೋಽವತು ಪದ್ಮನಾಭಃ’. ಆ ಹೊತ್ತಿಗೆ ಪದ್ಮನಾಭನೊಬ್ಬನೇ. ನಿಮ್ಮ ಪಾಳಿಯೂ ಅವನ ಪಾಳಿಯೂ ಒಂದೇ.

ಇನ್ನೊಂದು ಸಾಲನ್ನು ಜನ ಓಡಿಸಿಬಿಡುತ್ತಾರೆ. ಪ್ರಮಾದದಿಂದ ನಾರಾಯಣ ಕಾಯಲಿ, ಗರ್ವದಿಂದ ನಾರಾಯಣನ ಜೊತೆಗಾರನಾದ ನರ ಋಷಿ ಕಾಯಲಿ ಎಂದಿದೆ. ಎಂದರೆ ಕೇಡು ಬರುವುದು ಹೊರಗಿನಿಂದ ಮಾತ್ರ ಎಂದು ಕವಚ ಹೇಳುವುದಿಲ್ಲ. ನಮ್ಮ ಮೈಮರೆವೂ ಅದರ ಪಟ್ಟಿಯಲ್ಲಿದೆ.

ಅದೇ ಅಧ್ಯಾಯದ ಕೊನೆಗೆ ಕೌಶಿಕನೆಂಬ ಬ್ರಾಹ್ಮಣನ ಕಥೆ ಬರುತ್ತದೆ. ಈ ಕವಚವನ್ನು ಧರಿಸಿದ್ದ ಅವನು ಮರುಭೂಮಿಯಲ್ಲಿ ದೇಹ ಬಿಟ್ಟ. ಆ ಜಾಗದ ಮೇಲೆ ವಿಮಾನದಲ್ಲಿ ಹೋಗುತ್ತಿದ್ದ ಗಂಧರ್ವ ಚಿತ್ರರಥ ತಲೆಕೆಳಗಾಗಿ ಬಿದ್ದ. ವಾಲಖಿಲ್ಯರೆಂಬ ಋಷಿಗಳು ಹೇಳಿದ ಮೇಲೆ ಆ ಬ್ರಾಹ್ಮಣನ ಮೂಳೆಗಳನ್ನು ಆಯ್ದು ಸರಸ್ವತಿ ನದಿಯಲ್ಲಿ ಹಾಕಿ, ಮಿಂದು ಹೋದ. ಕವಚದ ಮಹಿಮೆಗೆ ಹೇಳುವ ಕಥೆ ಇದು. ಆದರೆ ಕವಚ ತೊಟ್ಟವನೂ ಸತ್ತ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಉಪದೇಶಿಸಿದ ವಿಶ್ವರೂಪನ ತಲೆಗಳನ್ನು ಮುಂದೆ ಇಂದ್ರನೇ ಕಡಿದ. ತ್ವಷ್ಟೃ ಆ ಹೋಮಕ್ಕೆ ಕುಳಿತದ್ದೂ ಈ ಮಗನ ಸಾವಿನ ಸಿಟ್ಟಿನಲ್ಲೇ. ಆದ್ದರಿಂದ ‘ಇದನ್ನು ಇಷ್ಟು ದಿನ ಹೇಳಿದರೆ ನಿಮಗೆ ಏನೂ ಆಗುವುದಿಲ್ಲ’ ಎಂದು ಮೊಬೈಲಿನಲ್ಲಿ ದುಡ್ಡು ಕೇಳುವವರನ್ನು ನಾನು ನಂಬುವುದಿಲ್ಲ. ಕವಚ ಧರಿಸಿದವನಿಗೆ ಭಯವಿಲ್ಲ ಎಂದು ಭಾಗವತವೂ ಹೇಳುತ್ತದೆ, ಆದರೆ ದಿನದ ಆ ಲೆಕ್ಕವನ್ನು ಅವರು ಎಲ್ಲಿಂದ ತಂದರು?

ಹಾಗಾದರೆ ಸಿಗುವುದೇನು? ನನಗೆ ಗೊತ್ತಾದದ್ದು 2019ರ ಮಳೆಗಾಲದಲ್ಲಿ. ನನ್ನ ಯಜಮಾನರಿಗೆ ಹೃದಯದ ಶಸ್ತ್ರಚಿಕಿತ್ಸೆ. ಬಾಗಿಲ ಹೊರಗೆ ಕುಳಿತು ವಿಷ್ಣುಸಹಸ್ರನಾಮ ಶುರುಮಾಡಿದೆ. ಹತ್ತು ಶ್ಲೋಕ ದಾಟಲಿಲ್ಲ, ಎಲ್ಲಿದ್ದೇನೆಂದೇ ಮರೆತುಹೋಯಿತು. ಮತ್ತೆ ಮೊದಲಿನಿಂದ, ಮತ್ತೆ ಅಲ್ಲೇ ಕಡಿಯಿತು. ಆಗ ತಾನಾಗಿಯೇ ಬಾಯಿಗೆ ಬಂದದ್ದು ದ್ವಾದಶ ಸ್ತೋತ್ರದ ಮೂರನೆಯದು: ‘ಕುರು ಭುಂಕ್ಷ್ವ ಚ ಕರ್ಮ ನಿಜಂ ನಿಯತಂ’. ಕೃಷ್ಣನನ್ನು ಮಲ್ಪೆಯ ಕಡಲಿನಿಂದ ಉಡುಪಿಗೆ ತರುವಾಗ ಮಧ್ವಾಚಾರ್ಯರು ಹಾಡಿದ್ದೆಂದು ನಮ್ಮಲ್ಲಿ ಹೇಳುತ್ತಾರೆ. ಚಿಕ್ಕಂದಿನಿಂದ ಹಾಡಿದ ಸಾಲು, ಅರ್ಥದ ಕಡೆ ಗಮನ ಹೋಗಿರಲಿಲ್ಲ. ಅಂದು ಹೋಯಿತು: ಹರಿಯ ಪಾದಕ್ಕೆ ಮನಸ್ಸು ಬಾಗಿಸಿ ನಿನ್ನ ಪಾಲಿನ ಕೆಲಸ ಮಾಡು, ಬಂದದ್ದನ್ನು ಉಣ್ಣು. ರಕ್ತ ಕೊಡುವವರ ಹೆಸರು ಬರೆದುಕೊಡಿ ಎಂದು ನರ್ಸ್ ಕಾಗದ ಕೊಟ್ಟು ಹೋಗಿ ಒಂದು ಗಂಟೆಯಾಗಿತ್ತು. ಅದು ನನ್ನ ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾಗಿ ಮುದುಡಿತ್ತು. ಎದ್ದು ಹೋಗಿ ಭಾವನಿಗೆ ಫೋನ್ ಮಾಡಿ, ಹೆಸರು ಬರೆದು ಕೊಟ್ಟೆ. ಯಜಮಾನರು ಈಗ ಚೆನ್ನಾಗಿದ್ದಾರೆ. ಅದು ವೈದ್ಯರ ಕೈಗುಣವೋ ಕೃಷ್ಣನ ದಯೆಯೋ ಎಂದು ಭಾಗ ಮಾಡಲು ನಾನು ಹೋಗಿಲ್ಲ. ಕಾಗದ ಕೈಯಲ್ಲೇ ಉಳಿಯದಂತೆ ನನ್ನನ್ನು ಎಬ್ಬಿಸಿದ್ದು ಮಾತ್ರ ಆ ಸಾಲು.

ನಿಮಗೆ ಪೂರ್ತಿ ಕವಚ ಈಗಲೇ ಬೇಡ. ಹೊತ್ತುಗಳನ್ನು ಹೇಳುವ ಆ ಮೂರು ಶ್ಲೋಕ ಸಾಕು, ‘ಮಾಂ ಕೇಶವೋ ಗದಯಾ’ ಎಂದು ಶುರುವಾಗುವುದು. ರಜೆಯ ದಿನ, ಬೆಳಕಿನಲ್ಲಿ, ಕಾಫಿ ಕುಡಿದು ಕುಳಿತು ಕಲಿಯಿರಿ. ಭಯವಾದಾಗ ಹೊಸದಾಗಿ ಏನೂ ಬಾಯಿಗೆ ಬರುವುದಿಲ್ಲ. ರಾತ್ರಿ ಗಾಡಿ ಹತ್ತಿದ ಕೂಡಲೇ ಅದರ ನಂಬರನ್ನು ಅಮ್ಮನಿಗೆ ಕಳುಹಿಸಿ, ಆಮೇಲೆ ಶ್ಲೋಕ. ಕಿವಿಗೆ ಇಯರ್‌ಫೋನ್ ಬೇಡ. ಒಂದು ಭಾನುವಾರ ಬಸ್ ಹತ್ತಿ ಉಡುಪಿಗೆ ಬನ್ನಿ. ರಥಬೀದಿಯಲ್ಲಿ ಕನ್ನಡ ಅಕ್ಷರದ ಸ್ತೋತ್ರ ಪುಸ್ತಕಗಳು ಸಿಗುತ್ತವೆ. ದೊಡ್ಡ ಅಕ್ಷರದ್ದನ್ನೇ ಕೇಳಿ, ವಾಪಸು ಹೋಗುವಾಗ ಬಸ್ಸಿನ ಕುಲುಕಾಟದಲ್ಲೂ ಓದಬಹುದು.