ಅವು ಯಾರ ಖಾಸಗಿ ಶಾಲೆಗಳು?

ರಾಣೇಬೆನ್ನೂರಿನ ಓದುಗರೊಬ್ಬರ ಪತ್ರ: “ಖಾಸಗಿ ಶಾಲೆ ಅಂದಿಗೂ ಇಂದಿಗೂ ವ್ಯಾಪಾರವೇ. ಗಣರಾಜ್ಯವಾದ ದಿನವೇ ಸರ್ಕಾರ ಎಲ್ಲ ಶಾಲೆಗಳನ್ನೂ ವಹಿಸಿಕೊಂಡಿದ್ದರೆ ನಮಗೆ ಈ ಗತಿ ಬರುತ್ತಿರಲಿಲ್ಲ.”

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸುಳ್ಳಲ್ಲ. ಮೊಮ್ಮಗಳ ಎಲ್‌ಕೆಜಿಗೆ ಡೊನೇಶನ್ ತೆಗೆದುಕೊಂಡು ರಸೀದಿ ಕೊಡದವರ ಪರ ನಾನು ಮಾತನಾಡುವುದಿಲ್ಲ. ಆದರೆ ಅದೇ ಸಿಟ್ಟಿನಲ್ಲಿ ಊರಿಗೆ ಶಾಲೆ ಕಟ್ಟಿಕೊಟ್ಟ ನಮ್ಮ ಅಜ್ಜಂದಿರನ್ನೂ ಅಂಗಡಿ ಇಟ್ಟವರ ಸಾಲಿಗೆ ಸೇರಿಸಿಬಿಟ್ಟಿರಲ್ಲ, ಅದು ನನಗೆ ನೋವಾಯಿತು.

1950ರಲ್ಲಿ ಗದಗ, ಹಾವೇರಿ ಎಲ್ಲವೂ ಧಾರವಾಡ ಜಿಲ್ಲೆ; ಜಿಲ್ಲೆ ಇದ್ದದ್ದು ಮುಂಬಯಿ ರಾಜ್ಯದಲ್ಲಿ. ಹತ್ತು ವರ್ಷದೊಳಗೆ 14 ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು ಸಂವಿಧಾನದ 45ನೇ ವಿಧಿ ಸರ್ಕಾರಕ್ಕೆ ಹೇಳಿತ್ತು. 1960 ಬಂತು, ಹೋಯಿತು. ಶಿಕ್ಷಣ ಮೂಲಭೂತ ಹಕ್ಕೆಂದು ತಿದ್ದುಪಡಿಯಾದದ್ದು 2002ರಲ್ಲಿ, ಕಾಯ್ದೆ ಜಾರಿಯಾದದ್ದು 2010ರಲ್ಲಿ. ಅಲ್ಲಿಯವರೆಗೆ ಹಳ್ಳಿಯಲ್ಲಿ ಮುಲ್ಕಿ, ಅಂದರೆ ಏಳನೆಯ ಇಯತ್ತೆ, ಮುಗಿಸಿದ ಹುಡುಗ ಎಲ್ಲಿಗೆ ಹೋಗಬೇಕಿತ್ತು, ನೀವೇ ಹೇಳಿ.

ಆತ ಹೋದದ್ದು ಇಂಥವರು ಕಟ್ಟಿಟ್ಟ ಶಾಲೆಗಳಿಗೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆಎಲ್‌ಇ ಸಂಸ್ಥೆ ಆರಂಭಿಸಿದರು. ಧಾರವಾಡದಲ್ಲಿ ಬಾಸೆಲ್ ಮಿಶನ್ನಿನವರು ಅದಕ್ಕೂ ಬಹಳ ಮೊದಲೇ ಶಾಲೆ ತೆರೆದಿದ್ದರು. ಅಲ್ಲಿಯದೇ ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಪ್ರಸಾದನಿಲಯದಲ್ಲಿ ಉಂಡು ಓದಿದ ಬಡ ಮಕ್ಕಳೆಷ್ಟೋ. ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟಿತು. ಇವು ಯಾವುವೂ ಸರ್ಕಾರಿ ಶಾಲೆಗಳಲ್ಲ, ನಿಜ. ಹಾಗೆಂದು ಖಾಸಗಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ನಾನು ಓದಿದ ಹೈಸ್ಕೂಲಿನ ಪಡಸಾಲೆಯಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲೊಂದಿದೆ. ಮೊದಲ ಸಾಲಿನಲ್ಲಿ ಊರಿನ ದೇಸಾಯರು, 501 ರೂಪಾಯಿ. ಕೆಳಗಿಳಿಯುತ್ತ ಮೊತ್ತ 51, 11, 5 ಎಂದು ಇಳಿಯುತ್ತದೆ. ಕೊನೆಯ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ಮುಂದೆ “ಜೋಳ 1 ಚೀಲ”. ಆಕೆಗೆ ಮಕ್ಕಳಿರಲಿಲ್ಲ ಎಂದು ನಮ್ಮ ಮಾಸ್ತರರು ಹೇಳುತ್ತಿದ್ದರು. ಶನಿವಾರದ ಬಸ್ಸಿನಲ್ಲಿ ಅವ್ವ ಕಳಿಸುತ್ತಿದ್ದ ಕಟಕ್ ರೊಟ್ಟಿಯ ಬುತ್ತಿ ಬಿಚ್ಚಿ, ಆ ಕಲ್ಲಿನ ಎದುರಿಗೇ ಕುಳಿತು ಉಣ್ಣುತ್ತಿದ್ದೆವು.

ವ್ಯಾಪಾರ ಶುರುವಾದದ್ದು ಆಮೇಲೆ. ಅನುದಾನಿತ ಶಾಲೆಯಲ್ಲಿ ಗಣಿತದ ಮಾಸ್ತರರು ನಿವೃತ್ತರಾದರೆ ಆ ಹುದ್ದೆ ತುಂಬಲು ಕಡತ ವರ್ಷಗಟ್ಟಲೆ ಅಲೆಯುತ್ತದೆ. 1995ರ ನಂತರ ಆರಂಭವಾದ ಕನ್ನಡ ಶಾಲೆಗಳು ಅನುದಾನಕ್ಕಾಗಿ ಇನ್ನೂ ಮನವಿ ಕೊಡುತ್ತಲೇ ಇವೆ. ಹೀಗೆ ಖಾಲಿ ಬಿಟ್ಟ ಜಾಗದಲ್ಲಿಯೇ ಬಣ್ಣದ ಬಸ್ಸಿನ, ಟೈ ಕಟ್ಟಿದ ಶಾಲೆಗಳು ಬಂದು ಕುಳಿತವು. ಕನ್ನಡ ಶಾಲೆಗೆ ಬೀಗ ಬಿದ್ದರೆ ಊರಿನಲ್ಲಿ ಒಬ್ಬರೂ ಕೇಳುವುದಿಲ್ಲ. ಗುಡಿಯ ಕಳಸಕ್ಕೆ ಮಾತ್ರ ವಾರದೊಳಗೆ ಲಕ್ಷಗಟ್ಟಲೆ ಪಟ್ಟಿ ಕೂಡುತ್ತದೆ.

ಕಳೆದ ಬೇಸಿಗೆಯಲ್ಲಿ ಹೋದಾಗ ಆ ಕಲ್ಲಿಗೆ ಸುಣ್ಣ ಬಳಿದಿದ್ದರು. ಕೊನೆಯ ಸಾಲನ್ನು ಬೆರಳಾಡಿಸಿ ಓದಿಕೊಂಡೆ. ನಿಮ್ಮ ಊರಿನ ಹಳೆಯ ಹೈಸ್ಕೂಲಿನಲ್ಲಿಯೂ ಅಂಥದೊಂದು ಕಲ್ಲು ಇರಬಹುದು. ಹೋಗಿ ನೋಡಿ, ಅದರಲ್ಲಿರುವ ಹೆಸರುಗಳನ್ನು ಬರೆದು ಕಳಿಸಿ. ಒಂದನ್ನೂ ಬಿಡದೆ ಅಚ್ಚು ಹಾಕುತ್ತೇನೆ.