ರಸ್ತೆಯ ದಪ್ಪ, ಎಂ.ಬಿ. ಪುಸ್ತಕದ ತಾರೀಖು
ಓದುಗರ ಪ್ರಶ್ನೆ, ನಮ್ಮ ಉತ್ತರ

ನಮ್ಮ ಓಣಿಯ ಸಿ.ಸಿ. ರಸ್ತೆ ಎಂಟೇ ತಿಂಗಳಲ್ಲಿ ಬಿರುಕು ಬಿಟ್ಟಿದೆ. ಫೋಟೊ ಹಾಕಿ ಸುದ್ದಿ ಮಾಡಿದರೆ ಸಾಕೇ?
— ಸಿಂಧನೂರು ತಾಲ್ಲೂಕಿನ ಓದುಗರು

ಸಾಲದು. ಮೂರು ನಾಲ್ಕು ಮೀಟರಿಗೊಂದು ಅಡ್ಡ ಜಾಯಿಂಟ್ ಕೊಯ್ಯದಿದ್ದರೆ, ಇಲ್ಲವೇ ನಮ್ಮ ಕಡೆಯ ಬಿಸಿಲಿನಲ್ಲಿ ಕ್ಯೂರಿಂಗ್ (ನೀರುಣಿಸುವುದು) ತಪ್ಪಿದರೆ, ಸಿಮೆಂಟ್ ಸರಿಯಾಗಿ ಹಾಕಿದ್ದರೂ ರಸ್ತೆ ಸೀಳುತ್ತದೆ. ಅದು ನಿರ್ಲಕ್ಷ್ಯ. ಕಳವು ಹುಡುಕಬೇಕಾದದ್ದು ದಪ್ಪದಲ್ಲಿ.

ಅಂದಾಜು ಪಟ್ಟಿಯಲ್ಲಿ 200 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪ ಎಂದಿದ್ದರೆ 90 ಘನ ಮೀಟರ್ ಕಾಂಕ್ರೀಟ್ ಬೀಳಬೇಕು. ಹಾಕಿದ್ದು 10 ಸೆಂ.ಮೀ. ಆದರೆ ಬಿದ್ದದ್ದು 60 ಮಾತ್ರ. ಎಂ-20 ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಚೀಲ ಎಂದು ಹಿಡಿದರೂ 240 ಚೀಲ ಸಿಮೆಂಟ್ ಓಣಿಗೆ ಬಂದೇ ಇಲ್ಲ.

ಆದರೆ ಅಂಚಿನಲ್ಲಿ ಟೇಪು ಹಿಡಿದು ಮೋಸ ಹೋಗಬೇಡಿ. ಅಂಚಿಗೆ ಹಲಗೆ ಕಟ್ಟುವುದರಿಂದ ಅಲ್ಲಿ 15 ಸೆಂ.ಮೀ. ಪೂರಾ ಕಾಣುತ್ತದೆ. ನಡುವೆ ಮಣ್ಣು ಏರಿಸಿ ಕಾಂಕ್ರೀಟ್ ತೆಳ್ಳಗೆ ಎಳೆದಿರುತ್ತಾರೆ. ಅದು ಗೊತ್ತಾಗುವುದು ರಸ್ತೆಯ ನಡುವಿನಿಂದ ಕೋರ್ (ಯಂತ್ರದಿಂದ ಕೊರೆದು ತೆಗೆಯುವ ಕಾಂಕ್ರೀಟಿನ ಉರುಳೆ) ತೆಗೆಸಿದಾಗಲೇ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 2(ಜೆ) ಕೇವಲ ಕಾಗದದ ನಕಲಿಗಲ್ಲ. ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಇದನ್ನು ಬಳಸುವವರು ತೀರ ಕಡಿಮೆ, ದಯವಿಟ್ಟು ಬಳಸಿ. ಬಲದ ಪರೀಕ್ಷೆಯಲ್ಲಿ ಮೂರು ಕೋರ್‌ಗಳ ಸರಾಸರಿ ನಿಗದಿತ ಬಲದ ಶೇ 85ಕ್ಕಿಂತ, ಯಾವುದೇ ಒಂದು ಕೋರ್ ಶೇ 75ಕ್ಕಿಂತ ಕೆಳಗೆ ಇಳಿಯಬಾರದು.

ಅರ್ಜಿಗೆ ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಕಾಮಗಾರಿಯ ಸಂಪೂರ್ಣ ಮಾಹಿತಿ ಕೊಡಿ’ ಎಂದು ಬರೆದರೆ ಆಗದು ಎಂದು ಹಿಂಬರಹ ಹಾಕಿ ಕಳಿಸುತ್ತಾರೆ. ಕಾಮಗಾರಿಯ ಹೆಸರು, ವರ್ಷ, ಯೋಜನೆ ಹೇಳಿ ಅಂದಾಜು ಪಟ್ಟಿ, ಕಾರ್ಯಾದೇಶ, ಎಂ.ಬಿ. ಪುಸ್ತಕದ (ಎಂಜಿನಿಯರ್ ಕಾಮಗಾರಿಯ ಅಳತೆ ಬರೆಯುವ ಪುಸ್ತಕ) ಪುಟಗಳು, ಬಿಲ್ಲು, ಗುಣಮಟ್ಟ ಪರೀಕ್ಷಾ ವರದಿ ಎಂದು ಒಂದೊಂದಾಗಿ ಕೇಳಿ.

ಕೈಗೆ ಬಂದ ಮೇಲೆ ಮೊತ್ತಕ್ಕಿಂತ ಮೊದಲು ತಾರೀಖು ನೋಡಿ. ಕಾಂಕ್ರೀಟಿನ ಮಾದರಿ ಘನದ (ಕ್ಯೂಬ್) ಅಂತಿಮ ಪರೀಕ್ಷೆ 28ನೇ ದಿನಕ್ಕೆ. ಕಾಂಕ್ರೀಟ್ ಹಾಕಿದ ಹನ್ನೆರಡನೇ ದಿನಕ್ಕೇ 28 ದಿನಗಳ ವರದಿ ಫೈಲಿನಲ್ಲಿದ್ದರೆ ಆ ವರದಿ ಕುರ್ಚಿಯಲ್ಲಿ ಕುಳಿತು ಬರೆದದ್ದು. ಹತ್ತು ಊರಿನ ರಸ್ತೆಗಳನ್ನು ಜೂನಿಯರ್ ಎಂಜಿನಿಯರ್ (ಜೆಇ) ಒಂದೇ ದಿನ ಅಳೆದಂತೆ ಎಂ.ಬಿ.ಯಲ್ಲಿದ್ದರೆ ಅದೂ ಸುದ್ದಿಯೇ.

‘ಕಡತ ಲಭ್ಯವಿಲ್ಲ’ ಎಂದು ಹಿಂಬರಹ ಬಂದಿದೆ. ಮುಂದೇನು?
— ಕುಷ್ಟಗಿ

30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ನಮ್ಮ ಭಾಗಕ್ಕೆ ಕಲಬುರಗಿ ಪೀಠವಿದೆ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಕಡತ ಕಳೆದಿದ್ದರೆ ಯಾರ ವಶದಲ್ಲಿತ್ತು, ಪೊಲೀಸ್ ದೂರು ಕೊಟ್ಟಿದ್ದಾರೆಯೇ ಎಂದು ಬೇರೆ ಅರ್ಜಿಯಲ್ಲಿ ಕೇಳಿ. ಅಷ್ಟರಲ್ಲಿ ಸುಮ್ಮನೆ ಕೂಡಬೇಡಿ. ಒಂದು ಕಚೇರಿಯಲ್ಲಿ ಕಳೆದ ಕಾಗದದ ನೆರಳು ಇನ್ನೊಂದು ಕಡೆ ಇದ್ದೇ ಇರುತ್ತದೆ: ಖಜಾನೆಯ ವೋಚರ್, ಲೆಕ್ಕಪರಿಶೋಧನೆಯ ಆಕ್ಷೇಪಣೆ, ಗ್ರಾಮೀಣ ಕಾಮಗಾರಿಯಾದರೆ ಗಾಂಧಿ ಸಾಕ್ಷಿ ಕಾಯಕ ತಂತ್ರಾಂಶದ ನಮೂದು.

ನಳದ ನೀರು ಕೆಟ್ಟಿದೆ, ಮಕ್ಕಳಿಗೆ ವಾಂತಿಭೇದಿ. ನೀರಿನ ಮಾದರಿ ನಾವೇ ತೆಗೆಯಬಹುದೇ?
— ದೇವದುರ್ಗ

ತೆಗೆಯಿರಿ, ಇವತ್ತೇ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿಗೆ ಜೀವಗಳು ಹೋದವು. ಇಂಥದ್ದರಲ್ಲಿ ಕಾಯಲು ಸಮಯವಿಲ್ಲ. ಮೊದಲು ಮಕ್ಕಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ, ಆಮೇಲೆ ಸುದ್ದಿ.

ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ. ಕ್ಲೋರಿನ್ ನೀರಿಗೆ ಕೊಡುವ ಕ್ರಿಮಿಶುದ್ಧ ಬಾಟಲಿಯಲ್ಲಿ ಕ್ಲೋರಿನ್ ಕೆಲಸ ತಡೆಯುವ ಥಯೋಸಲ್ಫೇಟ್ ಇರುತ್ತದೆ, ಹಾಗಾಗಿ ತೊಳೆಯಬೇಡಿ. ನಳದ ಬಾಯಿಯನ್ನು ಸ್ಪಿರಿಟ್‌ನಿಂದ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು, ಮೇಲೆ ಸ್ವಲ್ಪ ಜಾಗ ಉಳಿಸಿ ತುಂಬಿ. ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ, ಹೆಚ್ಚೆಂದರೆ 24 ಗಂಟೆಯೊಳಗೆ ಮುಟ್ಟಿಸಿ. ತಡವಾದರೆ ವರದಿಯನ್ನು ಯಾರೂ ನಂಬುವುದಿಲ್ಲ. 100 ಮಿ.ಲೀ.ಯಲ್ಲಿ ಇ-ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು.

ಒಂದೇ ನಳದ ಮಾದರಿ ಸಾಲದು. ಮೂಲ, ಮೇಲ್ತೊಟ್ಟಿ, ಮನೆಯ ನಳ, ಮೂರೂ ಬೇಕು. ತೊಟ್ಟಿಯಲ್ಲಿ ಚೆನ್ನಾಗಿದ್ದು ನಳದಲ್ಲಿ ಕೆಟ್ಟಿದ್ದರೆ ಪೈಪು ಎಲ್ಲೋ ಚರಂಡಿಯಲ್ಲಿ ಒಡೆದಿದೆ. ತೊಟ್ಟಿಯಲ್ಲೇ ಕೆಟ್ಟಿದ್ದರೆ ಬ್ಲೀಚಿಂಗ್ ಪುಡಿಯ ದಾಸ್ತಾನು ಪುಸ್ತಕ ಕೇಳಿ. ಲೀಟರಿಗೆ 2 ಮಿ.ಗ್ರಾಂ. ಕ್ಲೋರಿನ್ ಹಾಕಬೇಕೆಂದರೆ, ಶೇ 33ರ ತಾಜಾ ಪುಡಿ ಒಂದು ಲಕ್ಷ ಲೀಟರಿಗೆ ಸುಮಾರು 600 ಗ್ರಾಂ ಬೇಕು. ದಿನಕ್ಕೊಮ್ಮೆ ತುಂಬುವ ತೊಟ್ಟಿಗೆ ತಿಂಗಳಿಗೆ 18 ಕಿಲೋ. ಆರು ತಿಂಗಳಿಗೆ 25 ಕಿಲೋದ ಒಂದೇ ಚೀಲ ಖರ್ಚಾಗಿದ್ದರೆ, ನೀರು ಯಾಕೆ ಕೆಟ್ಟಿತು ಎಂದು ಬೇರೆ ಯಾರೂ ಹೇಳಬೇಕಿಲ್ಲ.

ಗಣಿ ಬಾಧಿತ ಊರಿಗೆ ಬಂದ ಹಣ ಎಲ್ಲಿ ಹೋಯಿತು ಎಂದು ಎಲ್ಲಿಂದ ಹುಡುಕಬೇಕು?
— ಸಂಡೂರು

ಗಣಿ ಬಾಧಿತ ಊರುಗಳ ಹಣ ನೋಡಿಕೊಳ್ಳುವ ಜಿಲ್ಲಾ ಖನಿಜ ಪ್ರತಿಷ್ಠಾನದ ಕಾಮಗಾರಿ ಪಟ್ಟಿಯನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಜಿಲ್ಲಾ ಪಂಚಾಯಿತಿ, ಶಾಸಕರ ನಿಧಿಯ ಪಟ್ಟಿಗಳ ಪಕ್ಕ ಇಟ್ಟು ಊರು ಊರಾಗಿ ಓದಿ. ಒಂದೇ ಶಾಲಾ ಕೊಠಡಿ ಎರಡು ಪಟ್ಟಿಯಲ್ಲಿ ಸಿಕ್ಕರೆ ಸ್ಥಳಕ್ಕೆ ಹೋಗಿ ಕೊಠಡಿ ಎಣಿಸಿ. ಬಳ್ಳಾರಿಯ ಅಕ್ರಮ ಗಣಿಗಾರಿಕೆ ಬಯಲಾದದ್ದೂ ಹೀಗೆ ಒಂದು ಕಡೆಯ ಪರ್ಮಿಟ್ ಲೆಕ್ಕವನ್ನು ಇನ್ನೊಂದು ಕಡೆಯ ಸಾಗಣೆ, ಬಂದರಿನ ಲೆಕ್ಕಕ್ಕೆ ತಾಳೆ ಹಾಕಿದ್ದರಿಂದ. ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿ ಅಂದಾಜಿಸಿದ ನಷ್ಟ 16,085 ಕೋಟಿ ರೂಪಾಯಿ.

ದಾಖಲೆ ಇದ್ದರೂ ಮಾನನಷ್ಟ ಮೊಕದ್ದಮೆ ಹಾಕುತ್ತೇವೆ ಎನ್ನುತ್ತಿದ್ದಾರೆ.
— ಗಂಗಾವತಿ

ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಲ್ಲಿ ನಿಜವಾಗಿರುವುದಷ್ಟೇ ರಕ್ಷಣೆಯಲ್ಲ, ಪ್ರಕಟಣೆ ಸಾರ್ವಜನಿಕ ಹಿತಕ್ಕೂ ಇರಬೇಕು. ಆರೋಪಕ್ಕೆ ಒಳಗಾದವರಿಗೆ ಪ್ರಶ್ನೆಗಳನ್ನು ಬರಹದಲ್ಲಿ ಕಳಿಸಿ, ಎರಡು ಮೂರು ದಿನ ಕೊಟ್ಟು, ಉತ್ತರ ಬಂದರೆ ಪೂರ್ತಿ ಹಾಕಿ. ‘ನುಂಗಿದರು’ ಎನ್ನಬೇಡಿ, ‘ಎಂ.ಬಿ.ಯಲ್ಲಿ 15, ಅಳತೆಯಲ್ಲಿ 10’ ಎಂದು ಬರೆಯಿರಿ. ಫೋಟೊ, ವಿಡಿಯೊಗಳ ಮೂಲ ಕಡತವನ್ನು ತೆಗೆದ ಫೋನಿನಲ್ಲೇ ಉಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಹೊತ್ತು ಮತ್ತು ಜಾಗದ ವಿವರ ಅಳಿಸುತ್ತದೆ.

ಕಚೇರಿಯ ಒಳಗಿನವರು ಕೊಟ್ಟ ಕಾಗದವನ್ನು ಇದ್ದ ಹಾಗೆ ಅಚ್ಚು ಹಾಕಲೇಬೇಡಿ. ಮೂಲೆಯ ಒಂದು ಪೆನ್ನಿನ ಗುರುತು, ಜೆರಾಕ್ಸ್ ಯಂತ್ರದ ಒಂದು ಗೆರೆ ಸಾಕು, ಕೊಟ್ಟವರು ಯಾರೆಂದು ಮರುದಿನವೇ ಗೊತ್ತಾಗುತ್ತದೆ. ಅಂಕಿಗಳನ್ನು ಹೊಸದಾಗಿ ಟೈಪ್ ಮಾಡಿಸಿ ಹಾಕಿ.